ಇಕ್ಕೇರಿಯ ಅಳತೆಗೋಲೂ ತಂತ್ರಾಂಶದ ಪುನರುಪಯೋಗವೂ

ಸಾಗರದ ಸಮೀಪದಲ್ಲಿರುವ ಇಕ್ಕೇರಿಯು ಹದಿನಾರನೆಯ ಶತಮಾನದ ಉತ್ತರಾರ್ಧದಿಂದ 1639ರ ಸುಮಾರಿನವರೆಗೆ ಕೆಳದಿಯ ಅರಸರ ರಾಜಧಾನಿಯಾಗಿದ್ದಿತು. ಆ ಬಳಿಕ ರಾಜಧಾನಿಯು ಬಿದನೂರಿಗೆ, ಎಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಹೋಯಿತು. ಊರಿನ ಪೂರ್ವವೈಭವಕ್ಕೆ ಸಾಕ್ಷಿಯಾಗಿ ಅಘೋರೇಶ್ವರ ದೇವಾಲಯವು ಉಳಿದುಕೊಂಡಿದೆ. ಅದರ ಶಿಲ್ಪವನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುವರು. ಪ್ರಕೃತ ವಿಷಯಕ್ಕೆ ಬೇಕಾದುದು ಅದಕ್ಕೆ ಸಂಬಂಧಪಟ್ಟ ಒಂದು ಅಲ್ಪ ಸಂಗತಿ ಮಾತ್ರ. ಆ ದೇವಾಲಯದ ನಡುಗಂಬಗಳ ಅಂತರವನ್ನೇ ತೋಟದ ಭೂಮಿಯನ್ನು ಅಳೆಯುವುದಕ್ಕೆ ಪ್ರಮಾಣವಾಗಿ ಇಟ್ಟುಕೊಂಡಿದ್ದರೆಂದು ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಹೇಳಿದೆ. ಆ ಅಂತರವು 18 ಅಡಿ 6 ಅಂಗುಲ. ಅಷ್ಟೇ ಉದ್ದವಾದ, ಸರ್ಕಾರದ ಮುದ್ರೆಯನ್ನೊತ್ತಿದ ಕೋಲೊಂದನ್ನು ತಾಲ್ಲೂಕು ಕಚೇರಿಯಲ್ಲಿಟ್ಟಿದ್ದು, ತೋಟದ ಅಳತೆಯ ವಿಷಯದಲ್ಲಿ ವ್ಯಾಜ್ಯ ಹುಟ್ಟಿದಾಗ ಅದರಿಂದ ತೀರ್ಮಾನ ಮಾಡುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ತೋಟಕ್ಕೊಂದು ಕೋಲಿರಬಹುದು, ಕೋಲು ಸವೆಯಬಹುದು, ಮುರಿಯಬಹುದು, ಮಾಲೀಕನ ಅನುಕೂಲಕ್ಕೆ ತಕ್ಕಂತೆ ಒಂದಂಗುಲ ಬೆಳೆಯಲೂಬಹುದು. ಆದರೆ ಕೋಲುಗಳೆಷ್ಟಿದ್ದರೂ ಮೂಲವೊಂದೇ. ಸಂದೇಹ ಬಂದವರು ಆ ಮೂಲಕ್ಕೆ ಹೋಗಿ ತಿದ್ದಿಕೊಳ್ಳಬಹುದಾಗಿದ್ದಿತು. ಒಂದೇ ವಸ್ತುವಿನ ಅನೇಕ ಪ್ರತಿಗಳನ್ನು ಮಾಡಿಕೊಂಡು ಪ್ರತಿಯೊಂದನ್ನೂ ಅದರದರ ಪಾಡಿಗೆ ಬಿಡುವುದು ಬೇರೆ, ಅನೇಕರು ಒಂದೇ ಮೂಲವನ್ನು ಆಶ್ರಯಿಸಿರುವುದು ಬೇರೆ. ಇಂದಿನ ತಂತ್ರಾಂಶ ಸಂಸ್ಥೆಗಳಲ್ಲಿ ‘ಕೋಡಿನ ಪುನರುಪಯೋಗ’ವೆಂಬ ಹೆಸರಿನಿಂದ ನಡೆಯುತ್ತಿರುವ ವಿಚಾರವೆಲ್ಲ ಈ ಭೇದದ ಮೇಲೆಯೇ ನಿಂತಿದೆಯೆಂದರೆ ತಪ್ಪಾಗಲಾರದು.

ಗಣಕಕ್ಕೆ ಕೊಡುವ ಆದೇಶಗಳ ಬರಹವೇ ಕೋಡು. ಒಂದು ಸಹಕಾರ ಸಂಘಕ್ಕಾಗಿ ಸಾಲದ ಬಡ್ಡಿಯನ್ನು ಲೆಕ್ಕ ಹಾಕುವ ಕೋಡನ್ನು ಒಬ್ಬನು ಬರೆದನೆಂದಿಟ್ಟುಕೊಳ್ಳಬಹುದು. ಮತ್ತೊಂದು ಸಂಘದಿಂದ ಅಂಥದೇ ಕೆಲಸ ಬಂದಾಗ ಆ ಭಾಗವನ್ನು ಪುನಃ ಬರೆಯದೆ, ಮೊದಲು ಬರೆದುದನ್ನೇ ಕರೆದುಕೊಂಡು ಉಪಯೋಗಿಸಿದರೆ ಅದು ಪುನರುಪಯೋಗ. ಈ ಕಲ್ಪನೆ ಗಣಕದಷ್ಟೇ ಹಳೆಯದು. 1949ರಲ್ಲಿ ಕೇಂಬ್ರಿಜ್ಜಿನಲ್ಲಿ ಕೆಲಸಮಾಡತೊಡಗಿದ ಎಡ್‌ಸ್ಯಾಕ್ ಎಂಬ ಗಣಕಕ್ಕೆ, ಮೇಲಿಂದ ಮೇಲೆ ಬೇಕಾಗುವ ಲೆಕ್ಕಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳ ಮೇಲೆ ಸಿದ್ಧಪಡಿಸಿ ಸಂಗ್ರಹಿಸಿಟ್ಟಿದ್ದರು. ಬೇಕಾದವರು ಬೇಕಾದ ಪಟ್ಟಿಯನ್ನು ತೆಗೆದುಕೊಂಡು ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಈ ಭಂಡಾರದ ವಿಷಯವಾಗಿ ವಿಲ್ಕ್ಸ್, ವೀಲರ್, ಗಿಲ್ ಎಂಬವರು ಬರೆದ ಗ್ರಂಥವು 1951ರಲ್ಲಿ ಪ್ರಕಟವಾಯಿತು. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ಸೇರಿದ ಸಮ್ಮೇಳನದಲ್ಲಿ ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕಿಲ್‌ರಾಯ್ ಎಂಬವರು ಇನ್ನೂ ಮುಂದೆ ಹೋಗಿ, ಯಂತ್ರಗಳ ಬಿಡಿಭಾಗಗಳಂತೆ ತಂತ್ರಾಂಶದ ಭಾಗಗಳನ್ನೂ ಕಾರ್ಖಾನೆಯಲ್ಲಿ ಮಾಡಿ ಮಾರುವ ಕಾಲ ಬರಬೇಕೆಂದು ವಾದಿಸಿದರು. ಅವರ ಮಾತು ಈಗ ಭಾಗಶಃ ನೆರವೇರಿದೆ; ಆದರೆ ಸಂಸ್ಥೆಗಳ ಒಳಗೆ, ಅವುಗಳ ಸ್ವಂತ ವ್ಯವಹಾರದ ಕೋಡಿನ ಮಟ್ಟಿಗೆ, ಅದು ನೆರವೇರಿದುದು ಕಡಮೆ.

ಕೆಲಸವು ಎಷ್ಟರಮಟ್ಟಿಗೆ ಪುನರುಕ್ತವಾಗುತ್ತಿದ್ದಿತೆಂಬುದನ್ನು ರೇಥಿಯನ್ ಎಂಬ ಅಮೆರಿಕದ ಸಂಸ್ಥೆಯವರು ಎಣಿಸಿ ನೋಡಿದರು. ತಮ್ಮ ಸಂಸ್ಥೆಯಲ್ಲಿ ಕೋಬಾಲ್ ಭಾಷೆಯಲ್ಲಿ ಬರೆದಿದ್ದ 5,000ಕ್ಕೂ ಹೆಚ್ಚು ಕ್ರಮವಿಧಿಗಳನ್ನು ಪರೀಕ್ಷಿಸಿದ ಲಾನರ್ಗನ್ ಮತ್ತು ಗ್ರಾಸೊ ಎಂಬವರು, ಅವುಗಳಲ್ಲಿ ಶೇಕಡ 40ರಿಂದ 60ರಷ್ಟು ಭಾಗವು ಹೇಳಿದುದನ್ನೇ ಹೇಳಿದುದಾಗಿದ್ದು ಸಾಮಾನ್ಯ ರೂಪಕ್ಕೆ ತರಬಹುದಾದುದೆಂದು 1984ರಲ್ಲಿ ಪ್ರಕಟಿಸಿದರು. ಬರೆದವರು ಸೋಮಾರಿಗಳೂ ಅಲ್ಲ, ಅವಿವೇಕಿಗಳೂ ಅಲ್ಲ. ಪಕ್ಕದ ಕೋಣೆಯಲ್ಲಿ ಏನು ಬರೆದಿದ್ದಾರೆಂಬುದು ತಿಳಿಯದು; ತಿಳಿದರೂ ಅದನ್ನು ನಂಬಲು ಧೈರ್ಯ ಸಾಲದು; ನಂಬಿದರೂ ಅದರಲ್ಲಿ ದೋಷ ಕಂಡಾಗ ತಿದ್ದಿಕೊಡುವವರು ಯಾರೆಂಬುದು ಗೊತ್ತಿಲ್ಲ. ಹೀಗಿರಲಾಗಿ ತಾನೇ ಬರೆದುಕೊಳ್ಳುವುದು ಮೇಲೆಂದು ಪ್ರತಿಯೊಬ್ಬನಿಗೂ ತೋರುವುದು ಸಹಜ.

ಪುನರುಪಯೋಗವನ್ನು ಅಳೆಯುವುದು ಹೇಗೆ? ಬಹುಕಾಲದಿಂದ ರೂಢಿಯಲ್ಲಿರುವ ಮಾನವು ಸರಳವಾದುದು: ಒಂದು ಕ್ರಮವಿಧಿಯ ಒಟ್ಟು ಸಾಲುಗಳಲ್ಲಿ ಹೊರಗಿನಿಂದ ಬಂದ ಸಾಲುಗಳು ಶೇಕಡ ಎಷ್ಟೆಂಬುದು. 20,000 ಸಾಲುಗಳಲ್ಲಿ 5,000 ಸಾಲುಗಳು ಸಾಮಾನ್ಯ ಭಂಡಾರದಿಂದ ಬಂದಿದ್ದರೆ ಶೇಕಡ 25. ತೊಡಕಿರುವುದು ಭಾಗಾಕಾರದಲ್ಲಲ್ಲ, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದರಲ್ಲಿ. ತಾರೀಖನ್ನು ಪರೀಕ್ಷಿಸುವ 200 ಸಾಲಿನ ಒಂದು ಭಾಗವನ್ನು ಒಂದೇ ಕ್ರಮವಿಧಿಯೊಳಗೆ 40 ಕಡೆಗಳಲ್ಲಿ ಕರೆದರೆ, 8,000 ಸಾಲುಗಳ ಶ್ರಮ ಉಳಿಯಿತೆಂದು ಬರೆದುಕೊಳ್ಳುವ ಆಸೆ ಹುಟ್ಟುವುದು. ಆದರೆ ಒಂದೇ ಕೆಲಸವನ್ನು 40 ಸಾರಿ ಬರೆಯುವ ಮೂಢನು ಎಲ್ಲಿಯೂ ಇಲ್ಲ. ಆದುದರಿಂದ ಅದು ಒಂದು ಸಾರಿ ಎಣಿಸತಕ್ಕದ್ದೇ ಹೊರತು 40 ಸಾರಿ ಅಲ್ಲ. ಐಬಿಎಂ ಸಂಸ್ಥೆಯಲ್ಲಿದ್ದ ಜೆಫ್ರಿ ಪೌಲಿನ್ ಎಂಬವರು 1990ರ ದಶಕದಲ್ಲಿ ಈ ವಿಷಯದಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಹಾಕಿದರು. ಇನ್ನೊಬ್ಬರು ಬರೆದು ಇನ್ನೊಬ್ಬರು ಕಾಪಾಡುತ್ತಿರುವ ಭಾಗವನ್ನು ತಿದ್ದದೆ ಉಪಯೋಗಿಸಿದರೆ ಮಾತ್ರ ಅದು ಪುನರುಪಯೋಗ. ನಕಲು ಮಾಡಿಕೊಂಡು ತಿದ್ದಿದುದು ಲೆಕ್ಕಕ್ಕಿಲ್ಲ. ಹಳೆಯ ಕ್ರಮವಿಧಿಯ ಹೊಸ ಆವೃತ್ತಿಯಲ್ಲಿ ಹಳೆಯ ಸಾಲುಗಳು ಉಳಿದಿರುವುದೂ ಲೆಕ್ಕಕ್ಕಿಲ್ಲ.

ಕರ್ಣಾಟಕದ ಭೂದಾಖಲೆಗಳಿಗೆ ಸಂಬಂಧಪಟ್ಟ ‘ಭೂಮಿ’ ಯೋಜನೆಯನ್ನು ಈ ನಿಯಮದಿಂದ ನೋಡಿದರೆ ವಿಷಯವು ವಿಶದವಾಗುವುದು. ಕಂದಾಯ ಇಲಾಖೆಗಾಗಿ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನವರು ಸಿದ್ಧಪಡಿಸಿದ ಆ ತಂತ್ರಾಂಶವು ಈ ಶತಮಾನದ ಆರಂಭದಲ್ಲಿ ರಾಜ್ಯದ ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ ಬಳಕೆಗೆ ಬಂದಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿ ಪಹಣಿಗಳು ಅದರೊಳಗೆ ಸೇರಿದುವು. ಸಾಗರದಲ್ಲಿಯೂ ಹೊಸನಗರದಲ್ಲಿಯೂ ತೀರ್ಥಹಳ್ಳಿಯಲ್ಲಿಯೂ ಕೈಬರಹದ ಪಹಣಿಯ ಸ್ಥಾನಕ್ಕೆ ಗಣಕದ ಪಹಣಿ ಬಂದಿತು. ಸಾಧನೆಯು ದೊಡ್ಡದು. ಆದರೆ ಒಂದೇ ತಂತ್ರಾಂಶವು 177 ಕಡೆ ನಡೆದುದು 177 ಪುನರುಪಯೋಗಗಳಾಗುವುದಿಲ್ಲ. ಅದು ಒಂದು ಗ್ರಂಥದ 177 ಪ್ರತಿಗಳಿದ್ದಂತೆ. ರೈತರನ್ನು ನೋಂದಾಯಿಸುವ ‘ಫ್ರೂಟ್ಸ್’ ಎಂಬ ಮತ್ತೊಂದು ವ್ಯವಸ್ಥೆಯು ಜಮೀನಿನ ವಿವರಗಳನ್ನು ಹೊಸದಾಗಿ ಬರೆದುಕೊಳ್ಳದೆ ‘ಭೂಮಿ’ಯಿಂದಲೇ ಪಡೆದುಕೊಳ್ಳುವುದಷ್ಟೆ, ಅಲ್ಲಿ ನಿಜವಾದ ಪುನರುಪಯೋಗವುಂಟು. ಬೇರೆ ಉದ್ದೇಶದ ವ್ಯವಸ್ಥೆಯೊಂದು ಅಲ್ಲಿ ಒಂದೇ ಮೂಲವನ್ನು ಆಶ್ರಯಿಸಿದೆ.

ಖರ್ಚಿನ ಲೆಕ್ಕವನ್ನೂ ನೋಡತಕ್ಕದ್ದಾಗಿದೆ. ಒಂದು ಭಾಗವನ್ನು ತನ್ನೊಬ್ಬನ ಉಪಯೋಗಕ್ಕೆ ಬರೆಯುವ ವೆಚ್ಚವನ್ನು 1 ಎಂದಿಟ್ಟುಕೊಂಡರೆ, ಎಲ್ಲರ ಉಪಯೋಗಕ್ಕೂ ಒದಗುವಂತೆ ಬರೆಯುವುದಕ್ಕೆ ಸುಮಾರು ಒಂದೂವರೆಯೂ, ಇನ್ನೊಬ್ಬರು ಬರೆದುದನ್ನು ಹುಡುಕಿ, ತಿಳಿದು, ಜೋಡಿಸಿಕೊಳ್ಳುವುದಕ್ಕೆ ಐದನೆಯ ಒಂದು ಪಾಲೂ ಆಗುವುದೆಂದು ಪೌಲಿನ್ನರು ಹಲವು ಅನುಭವಗಳಿಂದ ಸರಾಸರಿಯನ್ನು ಕೊಟ್ಟಿದ್ದಾರೆ. ಇದರಂತೆ ಮೊದಲು ಅರ್ಧ ಪಾಲು ಹೆಚ್ಚು ಖರ್ಚಾದರೂ ಎರಡನೆಯ ಉಪಯೋಗದಲ್ಲಿಯೇ 0.8ರಷ್ಟು ಉಳಿದು ಲಾಭವಾಗುವುದು. ಆದರೆ ಈ ಅಂಕಿಗಳು ಒಳ್ಳೆಯ ಭಂಡಾರವಿರುವ ಕಡೆಗೆ ಹೊಂದತಕ್ಕವು. ಬರೆಯುವ ವೆಚ್ಚ ಇಮ್ಮಡಿಯಾಗಿ, ಜೋಡಿಸಿಕೊಳ್ಳುವ ವೆಚ್ಚ ಅರ್ಧವಾದರೆ, ಮೂರನೆಯ ಉಪಯೋಗದವರೆಗೆ ಕೈಸೇರುವುದು ಅಸಲು ಮಾತ್ರ, ಲಾಭವೇನಿದ್ದರೂ ನಾಲ್ಕನೆಯದರಿಂದ. ಯಾವುದನ್ನೂ ಮೂರು ಕಡೆ ಬೇಕಾಗುವವರೆಗೆ ಸಾಮಾನ್ಯ ಭಾಗವೆಂದು ಕರೆಯಬಾರದೆಂಬ ಅನುಭವಿಗಳ ಮಾತಿಗೆ ಇದೇ ಆಧಾರ.

ಮೊದಲ ಅರ್ಧ ಪಾಲನ್ನು ಕೊಡತಕ್ಕವರು ಯಾರೆಂಬುದೇ ನಿಜವಾದ ಪ್ರಶ್ನೆ. ಬರೆಯುವ ತಂಡಕ್ಕೆ ಖರ್ಚು, ಬಳಸುವ ತಂಡಕ್ಕೆ ಲಾಭ. ಎರಡರ ಲೆಕ್ಕಪುಸ್ತಕಗಳೂ ಬೇರೆ ಬೇರೆ. ಈ ವೈಷಮ್ಯವನ್ನು ಬಹುಮಾನಗಳಿಂದ ಸರಿಪಡಿಸಲು ಯತ್ನಿಸಿದವರುಂಟು. ಅಮೆರಿಕದ ಜಿಟಿಇ ಡೇಟಾ ಸರ್ವಿಸಸ್ ಎಂಬ ಸಂಸ್ಥೆಯವರು 1980ರ ದಶಕದ ಕೊನೆಯಲ್ಲಿ, ಭಂಡಾರಕ್ಕೆ ಸ್ವೀಕೃತವಾದ ಪ್ರತಿಯೊಂದು ಭಾಗಕ್ಕೂ ಬರೆದವರಿಗೆ ನಗದು ಹಣವನ್ನು ಕೊಟ್ಟು, ಅದನ್ನು ಇತರರು ಉಪಯೋಗಿಸಿದಾಗ ಗ್ರಂಥಕರ್ತರಿಗೆ ಸಲ್ಲುವಂತೆ ಗೌರವಧನವನ್ನೂ ಕೊಟ್ಟರು. ಎರಡನೆಯ ಕ್ರಮವು ಮೊದಲನೆಯದಕ್ಕಿಂತ ವಿವೇಕದ್ದು. ಭಂಡಾರಕ್ಕೆ ಹಾಕಿದುದಕ್ಕೆ ಹಣ ಕೊಟ್ಟರೆ ಭಂಡಾರವು ತುಂಬುವುದು, ಆದರೆ ಯಾರಿಗೂ ಬೇಡದ ಸಾಮಾನಿನಿಂದ. ಶೇಕಡಾಂಶವನ್ನೇ ನೋಡಿ ಹೊಗಳುವ ಕಡೆಗಳಲ್ಲಿ ಇನ್ನೊಂದು ವಿಕಾರ ಕಾಣಿಸಿಕೊಳ್ಳುವುದು: 30 ಸಾಲಿನ ಕೆಲಸಕ್ಕೆ 3,000 ಸಾಲಿನ ಭಾಗವನ್ನು ಎಳೆದುತಂದು, ಪುನರುಪಯೋಗವು ಬೆಳೆಯಿತೆಂದು ತೋರಿಸುವುದು.

ಬೆಂಗಳೂರಿನ ಸಂಸ್ಥೆಗಳ ವಿಷಯದಲ್ಲಿ ಮತ್ತೊಂದು ಕಾರಣವನ್ನು ಹೇಳದಿದ್ದರೆ ವಿವರಣೆಯು ಅರ್ಧವಾದಂತೆಯೇ. ಅಲ್ಲಿಯ ಕೆಲಸದಲ್ಲಿ ದೊಡ್ಡದೊಂದು ಪಾಲು ಹೊರದೇಶದ ಗಿರಾಕಿಗಳಿಗಾಗಿ ನಡೆಯುವುದು. ಅದರಲ್ಲಿ ಒಂದು ಭಾಗಕ್ಕೆ ಹಣ ಬರುವುದು ಕೆಲಸಗಾರರ ಗಂಟೆಗಳ ಲೆಕ್ಕದಿಂದ. ಗಂಟೆಗೆ ಹಣ ಬರುವಲ್ಲಿ, ಹತ್ತು ದಿನದ ಕೆಲಸವನ್ನು ಹಳೆಯ ಕೋಡಿನಿಂದ ಎರಡು ದಿನದಲ್ಲಿ ಮುಗಿಸಿದವನು ಸಂಸ್ಥೆಗೆ ಎಂಟು ದಿನಗಳ ಆದಾಯವನ್ನು ಕಳೆದವನಾಗುವನು. ಅಲ್ಲದೆ ಅಂಥ ಕರಾರುಗಳಲ್ಲಿ ಬರೆದ ಕೋಡಿನ ಸ್ವಾಮ್ಯವು ಸಾಧಾರಣವಾಗಿ ಗಿರಾಕಿಗೆ ಹೋಗುವುದರಿಂದ, ಒಬ್ಬರಿಗಾಗಿ ಬರೆದುದನ್ನು ಇನ್ನೊಬ್ಬರಿಗೆ ಕೊಡುವುದು ಕರಾರಿಗೆ ವಿರೋಧ. ಇಂಥಲ್ಲಿ ಪುನರುಪಯೋಗದ ಮಹಿಮೆಯನ್ನು ಕುರಿತು ಎಷ್ಟು ಉಪನ್ಯಾಸಗಳಾದರೂ ಫಲವು ಅಲ್ಪವೇ. ಕೆಲಸವನ್ನು ಗೊತ್ತಾದ ಮೊತ್ತಕ್ಕೆ ಒಪ್ಪಿಕೊಂಡಲ್ಲಿ, ಅಥವಾ ಸ್ವಂತ ಸರಕನ್ನು ಮಾಡಿ ಮಾರುವಲ್ಲಿ, ಉಪನ್ಯಾಸವಿಲ್ಲದೆಯೇ ಪುನರುಪಯೋಗ ಬೆಳೆಯುವುದು. ಇನ್ಫೋಸಿಸ್ ಸಂಸ್ಥೆಯ ‘ಫಿನಾಕಲ್’ ಎಂಬ ಬ್ಯಾಂಕಿಂಗ್ ತಂತ್ರಾಂಶವು ಈ ಎರಡನೆಯ ಜಾತಿಗೆ ಸೇರಿದುದು. ಇಂಥ ಸರಕಿನಲ್ಲಿ ಬಡ್ಡಿಯ ದರ, ಶುಲ್ಕ, ರಜಾದಿನ ಮೊದಲಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುವ ಸಂಗತಿಗಳನ್ನು ಕೋಡಿನೊಳಗೆ ಬರೆಯದೆ ಪ್ರತ್ಯೇಕವಾದ ಕೋಷ್ಟಕಗಳಲ್ಲಿಡುವರು. ಕೋಡು ಒಂದೇ, ಕೋಷ್ಟಕಗಳು ಬೇರೆ. ಬದಲಾಗುವುದನ್ನು ಬದಲಾಗದುದರಿಂದ ಬೇರ್ಪಡಿಸುವ ಈ ವಿವೇಚನೆಯೇ ಪುನರುಪಯೋಗದ ಕೌಶಲದಲ್ಲಿ ಮುಕ್ಕಾಲು ಪಾಲು.

ಉತ್ತೇಜನವೆಂದರೆ ಹಣವೇ ಆಗಬೇಕಾಗಿಲ್ಲ. ಹುಡುಕಿದರೆ ಸಿಕ್ಕುವಂತಿರಬೇಕು, ಸಿಕ್ಕಿದುದಕ್ಕೆ ವಿವರಣೆಯೂ ಪರೀಕ್ಷೆಗಳೂ ಇರಬೇಕು, ಕೇಳಿದರೆ ಉತ್ತರ ಕೊಡುವ ಹೊಣೆಗಾರನೊಬ್ಬನಿರಬೇಕು. ಗೂಗಲ್ ಸಂಸ್ಥೆಯವರು ತಮ್ಮ ಕೋಡಿನ ಬಹುಭಾಗವನ್ನು, 2015ರ ಆರಂಭದಲ್ಲಿ ಸುಮಾರು ಇನ್ನೂರು ಕೋಟಿ ಸಾಲುಗಳನ್ನು, ಒಂದೇ ಭಂಡಾರದಲ್ಲಿಟ್ಟು ತಮ್ಮವರೆಲ್ಲರೂ ಓದುವಂತೆ ಮಾಡಿದ್ದರು. ಸಣ್ಣ ಸಂಸ್ಥೆಗೆ ಅಷ್ಟು ಬೇಕಾಗಿಲ್ಲ. ಆದರೆ ಹೊಣೆಗಾರನಿಲ್ಲದ ಭಂಡಾರವು ಎಲ್ಲಿಯೂ ಬಾಳಿದುದಿಲ್ಲ.

ಪುನರುಪಯೋಗದಲ್ಲಿ ಅಪಾಯವೂ ಉಂಟು. ಇಕ್ಕೇರಿಯ ಕೋಲು ತೋಟಕ್ಕೆ ಹೇಳಿದುದು. ಮಲೆನಾಡಿನ ಗದ್ದೆಗಳನ್ನು ಬಿತ್ತುವ ಬೀಜದ ಪ್ರಮಾಣದಿಂದ, ಎಂದರೆ ಬೀಜವರಿಯಿಂದ, ಎಣಿಸುವುದು ವಾಡಿಕೆಯಾಗಿದ್ದಿತು. ಯಾವ ಅಳತೆ ಎಲ್ಲಿಗೆ ಹೊಂದುವುದೆಂಬ ತಿಳಿವಳಿಕೆಯು ಅಳತೆಯಷ್ಟೇ ಮುಖ್ಯ. 1996ರ ಜೂನ್ 4ರಂದು ಯೂರೋಪಿನವರ ಏರಿಯಾನ್ 5 ಎಂಬ ರಾಕೆಟ್ಟು ಮೊದಲನೆಯ ಹಾರಾಟದಲ್ಲಿಯೇ, ಒಂದು ನಿಮಿಷವೂ ಕಳೆಯುವುದಕ್ಕೆ ಮುಂಚೆ, ನಾಶವಾಯಿತು. ಅದರ ದಿಕ್ಕನ್ನು ನಿರ್ಣಯಿಸುವ ಉಪಕರಣದಲ್ಲಿದ್ದ ಕೋಡು ಏರಿಯಾನ್ 4ರಿಂದ ಬಂದುದು. ಅಲ್ಲಿ ದೋಷವಿಲ್ಲದೆ ನಡೆದುದು. ಹೊಸ ರಾಕೆಟ್ಟಿನ ಅಡ್ಡವೇಗವು ಹಳೆಯದಕ್ಕಿಂತ ಹೆಚ್ಚಾಗಿದ್ದುದರಿಂದ, 64 ದ್ವಿಮಾನ ಅಂಕಗಳ ಒಂದು ಸಂಖ್ಯೆಯನ್ನು 16 ದ್ವಿಮಾನ ಅಂಕಗಳ ಜಾಗದಲ್ಲಿ ತುಂಬುವಾಗ ಅದು ಹಿಡಿಸದೆ ಉಪಕರಣವು ನಿಂತುಹೋಯಿತು. ವಿಷಾದದ ಸಂಗತಿಯೆಂದರೆ, ಆ ಲೆಕ್ಕವು ರಾಕೆಟ್ಟು ಮೇಲಕ್ಕೆದ್ದ ಮೇಲೆ ಏರಿಯಾನ್ 5ಕ್ಕೆ ಬೇಕಾಗಿಯೇ ಇರಲಿಲ್ಲ. ಕೋಡು ಬಂದಿತು, ಆದರೆ ಅದು ಯಾವ ಮಿತಿಯೊಳಗೆ ಸರಿಯೆಂಬ ತಿಳಿವಳಿಕೆಯು ಅದರೊಡನೆ ಬರಲಿಲ್ಲ.

ಶೇಕಡಾಂಶಕ್ಕಿಂತ ಉಪಯುಕ್ತವಾದ ಮಾನವೊಂದುಂಟು: ಒಂದು ನಿಯಮವು ಬದಲಾದಾಗ ಎಷ್ಟು ಕಡೆ ತಿದ್ದಬೇಕಾಗುವುದೆಂಬುದು. 2017ರ ಜುಲೈ 1ರಂದು ದೇಶದಲ್ಲಿ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ ವ್ಯಾಪಾರದ ತಂತ್ರಾಂಶಗಳೆಲ್ಲ ತಿದ್ದುಪಡಿಯಾಗಬೇಕಾಯಿತು. ತೆರಿಗೆಯ ಲೆಕ್ಕವನ್ನು ಒಂದೇ ಭಾಗದಲ್ಲಿಟ್ಟವನಿಗೆ ತಿದ್ದತಕ್ಕ ಸ್ಥಳವು ಒಂದು. ಬಿಲ್ಲಿಗೊಂದು, ವರದಿಗೊಂದು ನಕಲು ಮಾಡಿಕೊಂಡವನಿಗೆ ನಕಲುಗಳೆಷ್ಟೋ ಅಷ್ಟು, ಅದರಲ್ಲಿಯೂ ಮರೆತ ಒಂದು ನಕಲು ಎಲ್ಲಿ ಉಳಿದಿದೆಯೋ ಎಂಬ ಅಂಜಿಕೆ ಬೇರೆ. ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವೆಲ್ಲವೂ ಬಳಸುತ್ತಿರುವುದರಿಂದ, ಅದರಲ್ಲಿ ಆದ ತಿದ್ದುಪಾಟಿನ ಫಲವನ್ನು ಅವೆಲ್ಲವೂ ಪಡೆಯಬಹುದು.

ಇದಕ್ಕೆ ಪ್ರತಿಯಾಗಿ, ಯಾರು ಯಾರು ಆಶ್ರಯಿಸಿದ್ದಾರೆಂಬ ಪಟ್ಟಿಯಿಲ್ಲದಿದ್ದರೆ ಮೂಲದ ದೋಷವು ಎಲ್ಲರನ್ನೂ ಮುಟ್ಟುವುದು, ತಿದ್ದುಪಡಿಯು ಕೆಲವರನ್ನು ಮಾತ್ರ. 2021ರ ಡಿಸೆಂಬರಿನಲ್ಲಿ ‘ಲಾಗ್4ಜೆ’ ಎಂಬ ಬಹುಬಳಕೆಯ ಭಾಗವೊಂದರಲ್ಲಿ ಭಯಂಕರವಾದ ದೋಷವಿರುವುದು ಹೊರಬಿದ್ದಾಗ, ಅದನ್ನು ತಿದ್ದಿದ ಆವೃತ್ತಿಯು ಕೆಲವೇ ದಿನಗಳಲ್ಲಿ ದೊರೆಯಿತು. ಆದರೆ ಜಗತ್ತಿನ ಅನೇಕ ಸಂಸ್ಥೆಗಳು ತಮ್ಮ ಯಾವ ಯಾವ ತಂತ್ರಾಂಶಗಳಲ್ಲಿ ಅದು ಸೇರಿಕೊಂಡಿದೆಯೆಂಬುದನ್ನು ಹುಡುಕುವುದರಲ್ಲಿಯೇ ವಾರಗಟ್ಟಲೆ ಕಳೆದುವು.