ಉದಾಸೀನವೂ ಮಂಡೆಬಿಸಿಯೂ

ಮೈಸೂರು ಕಡೆಯಿಂದ ಪುತ್ತೂರಿಗೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು, ತಡವಾಗಿ ಬಂದ ಗುಮಾಸ್ತನನ್ನು ಕಾರಣ ಕೇಳಿದರೆನ್ನಿ. “ಬೆಳಿಗ್ಗೆ ಏಳಲಿಕ್ಕೆ ಸ್ವಲ್ಪ ಉದಾಸೀನ ಆಯಿತು ಸಾರ್” ಎಂಬ ಉತ್ತರ ಬಂದರೆ ಅವರು ಕೆಂಡವಾಗುವುದು ಸಹಜ. ಸರಕಾರದ ಕೆಲಸವೆಂದರೆ ಉದಾಸೀನವೇ! ಆದರೆ ಪಾಪ, ಗುಮಾಸ್ತ ಆಡಿದ್ದು ತಾತ್ಸಾರದ ಮಾತಲ್ಲ; ಮೈ ಜಡವಾಗಿತ್ತು ಎಂದಷ್ಟೇ ಅವನ ಅಭಿಪ್ರಾಯ. ಸಂಸ್ಕೃತದಲ್ಲಿ ತಟಸ್ಥನಾದವನನ್ನು ಸೂಚಿಸುವ ಈ ಗಂಭೀರ ಶಬ್ದ ಕನ್ನಡದಲ್ಲಿ ಅಲಕ್ಷ್ಯವೆಂಬ ಅರ್ಥ ಪಡೆಯಿತು. ಕುಮಾರಧಾರೆಯ ದಡದಲ್ಲಿ ಹಾಸಿಗೆ ಬಿಡಲೊಲ್ಲದ ಸೋಮಾರಿತನವೇ ಆಗಿಬಿಟ್ಟಿತು.

ಪುತ್ತೂರು, ಸುಳ್ಯ ಮತ್ತು ಅವುಗಳ ನಡುವಿನಿಂದ ಈಚೆಗೆ ಪ್ರತ್ಯೇಕ ತಾಲೂಕಾಗಿ ರೂಪುಗೊಂಡ ಕಡಬ—ಈ ಸೀಮೆಯ ನಾಲಗೆಗೆ ಒಂದೇ ಭಾಷೆಯ ಹಂಗಿಲ್ಲ. ಸಂತೆಯಲ್ಲಿ ತುಳು, ಮನೆಗಳಲ್ಲಿ ಹವ್ಯಕ ಕನ್ನಡ, ಗೌಡರ ಅರೆಭಾಷೆ, ಬ್ಯಾರಿ, ಕೊಂಕಣಿ, ಗಡಿಯತ್ತ ಮಲೆಯಾಳ. ‘ಇದೆ’ ಎಂಬುದನ್ನು ತುಳುವರು ‘ಉಂಡು’ ಎಂದರೆ, ಅರೆಭಾಷೆಯವರು ‘ಉಟ್ಟು’ ಎನ್ನುವರು, ಹವ್ಯಕರು ‘ಇದ್ದು’ ಎನ್ನುವರು. ಇವರೆಲ್ಲರೂ ಒಂದೆಡೆ ಕಲೆತು ಕನ್ನಡವಾಡಿದಾಗ ಹೊರಡುವ ಮಾತು ‘ಉಂಟು’. ಹಲವರಿಗೆ ಕನ್ನಡವು ತಾಯಿಯ ಮಡಿಲಿನದಲ್ಲ, ಶಾಲೆಯ ಹಲಗೆಯದು. ಆದ್ದರಿಂದಲೇ ಇಲ್ಲಿಯ ಮಾತಿಗೆ ಪುಸ್ತಕದ ಬಿಗುವೂ ಬೀದಿಯ ಸಲಿಗೆಯೂ ಒಟ್ಟಿಗೇ ಅಂಟಿಕೊಂಡಿವೆ.

ಈ ಸಲಿಗೆಯ ಮಾತುಗಳಲ್ಲಿ ಪಟ್ಟವೇರಿದ್ದು ‘ಮಾರಾಯ’. ಮಹಾರಾಯನೇ ಸವೆದು ಮಾರಾಯನಾದದ್ದು. ಸಿಂಹಾಸನವಿಲ್ಲದಿದ್ದರೇನು, ಇಲ್ಲಿ ಬಸ್ಸಿಗೆ ಕಾಯುವವನೂ ಅಡಿಕೆ ಸುಲಿಯುವವನೂ ಮಹಾರಾಯರೇ! “ಬಾ ಮಾರಾಯ” ಎಂದರೆ ಅಕ್ಕರೆ, “ಎಂತ ಮಾರಾಯ!” ಎಂದರೆ ಬೇಸರ; “ಹೌದಾ ಮಾರಾಯ?” ಎಂದರೆ ಅಚ್ಚರಿ. ಗೆಳತಿಯಾದರೆ ‘ಮಾರಾಯ್ತಿ’. ಹಿರಿಯರ ಮುಂದಾದರೋ ‘ಮಾರಾಯ್ರೇ’ ಎಂದು ಬಹುವಚನ ಸೇರಲೇಬೇಕು. ಆ ಒಂದು ‘ರೇ’ ತಪ್ಪಿದರೆ ಸಲಿಗೆ ಉದ್ಧಟತನವಾದೀತು.

ದೂರದಿಂದ ಬಂದು ಇಲ್ಲಿ ನೆಲೆಸಿದ ಮಾತುಗಳೂ ಅನೇಕ. ಮರಾಠಿಯ ‘ಗಂಮತ್’ ಇಲ್ಲಿ ‘ಗಮ್ಮತ್ತು’ ಆಗಿ ಮದುವೆಯೂಟದ ಸಂಭ್ರಮಕ್ಕೆ ಒದಗಿತು. ಅರಬಿಯ ‘ಬರಕತ್’ ದೈವಾನುಗ್ರಹವನ್ನು ಸೂಚಿಸುವ ಪದ. ದುಡಿದ ಹಣ ಕೈಯಲ್ಲಿ ನಿಲ್ಲದಿದ್ದರೆ “ಬರ್ಕತ್ತಿಲ್ಲ” ಎಂದು ನಿಟ್ಟುಸಿರಿಡಲು ಇಲ್ಲಿ ಜಾತಿಮತದ ಭೇದವಿಲ್ಲ. ಏಪ್ರಿಲಿನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಸೇರುವ ಸಡಗರ ‘ಗೌಜಿ’. ತಮಾಷೆ ‘ಕುಶಾಲು’. ಕಾರಣವಿಲ್ಲದೆ ಆಡಿದ್ದು ‘ಪೊಕ್ಕಡೆ’. ಇದು ತುಳುವಿನಿಂದ ಪಡೆದ ಸಾಲ. ಚಿಂತೆಗೆ ‘ಮಂಡೆಬಿಸಿ’; ತುಳುವಿನ ‘ಮಂಡೆ ಬೆಚ್ಚ’ವೇ ಕನ್ನಡದ ಅಂಗಿ ತೊಟ್ಟು ಬಂದಿದೆ. ಮಗಳ ಮದುವೆ, ಮಳೆಗಾಲದ ಕೊಳೆರೋಗ, ಅಡಿಕೆಯ ಧಾರಣೆ—ಎಲ್ಲವೂ ಮಂಡೆಯನ್ನು ಬಿಸಿಮಾಡತಕ್ಕ ವಿಷಯಗಳೇ. ಇನ್ನು ಬಸ್ಸು ತಪ್ಪಿದಾಗ “ಎಂತ ಸಾವು ಇದು!” ಎಂಬ ಉದ್ಗಾರ ಕೇಳಿದರೆ ಹೊರಗಿನವರು ಗಾಬರಿಯಾಗಬೇಕಿಲ್ಲ, ಯಾರೂ ಸತ್ತಿರುವುದಿಲ್ಲ.

ಮನೆಗೆ ಬಂದವರನ್ನು “ಆಸರಿಗೆ ಏನು ಬೇಕು?” ಎಂದು ಹವ್ಯಕರ ಮನೆಗಳಲ್ಲಿ ವಿಚಾರಿಸುವುದುಂಟು. ಆಸರು ಎಂದರೆ ಬಾಯಾರಿಕೆ. ಬಿಸಿಲಲ್ಲಿ ನಡೆದು ಬಂದವರ ದಣಿವನ್ನು ಮೊದಲು ಗುರುತಿಸಿ, ಬೆಲ್ಲ ನೀರನ್ನೋ ಮಜ್ಜಿಗೆಯನ್ನೋ ಮುಂದಿಡುವ ಉಪಚಾರವೆಲ್ಲ ಆ ಒಂದು ಪದದಲ್ಲಿ ಅಡಗಿದೆ.

ಇಂಥ ಮಾತುಗಳನ್ನಾಡುವವರೇ ಇಂದು ಅವುಗಳಿಗೆ ಸಂಕೋಚಪಡುವಂತಾಗಿರುವುದು ಮಾತ್ರ ವಿಷಾದದ ಸಂಗತಿ. ಓದಿಗಾಗಿ ಬೆಂಗಳೂರು ಸೇರಿದ ತರುಣನ “ಉಂಟು ಮಾರಾಯ್ರೇ” ಕೇಳಿ ಸಹಪಾಠಿಗಳು ನಗುತ್ತಾರೆ; ಹಾಸ್ಯಚಿತ್ರಗಳು ಅದನ್ನೇ ಹಿಗ್ಗಿಸಿ ತೋರಿಸುತ್ತವೆ. ಹುಡುಗ ಎರಡು ತಿಂಗಳಲ್ಲಿ ಮಾತು ಬದಲಿಸುತ್ತಾನೆ. ರಜೆಗೆ ಬಂದಾಗ ಅಜ್ಜಿಯೊಡನೆಯೂ ಹೊಸ ಮಾತನ್ನೇ ಆಡುತ್ತಾನೆ. ಅಜ್ಜಿಗೆ ಮೊಮ್ಮಗ ನೆಂಟನಂತೆ ಕಾಣುತ್ತಾನೆ.

ವಿದ್ವಾಂಸರು ತಮ್ಮ ಕರ್ತವ್ಯವನ್ನು ಮರೆತಿಲ್ಲ. 1886ರಲ್ಲೇ ಮಂಗಳೂರಿನಲ್ಲಿ ಮ್ಯಾನರ್ ಪಾದ್ರಿಯ ತುಳು ನಿಘಂಟು ಅಚ್ಚಾಯಿತು. 1967ರಲ್ಲಿ ಮರಿಯಪ್ಪ ಭಟ್ಟ ಮತ್ತು ಶಂಕರ ಕೆದಿಲಾಯರ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿತು. ಬಳಿಕ ಉಡುಪಿಯಿಂದ 6 ಸಂಪುಟಗಳ ತುಳು ನಿಘಂಟು ಹೊರಬಂದಿತು. ಅರೆಭಾಷೆಗೂ 2011ರಲ್ಲಿ ಅಕಾಡೆಮಿ ದೊರೆಯಿತು. ಆದರೆ ನಿಘಂಟು ಕಾಯುವುದು ಪದವನ್ನು ಮತ್ತು ಅರ್ಥವನ್ನು. ‘ಮಾರಾಯ’ ಎಲ್ಲಿ ಮುದ್ದು, ಎಲ್ಲಿ ಮುನಿಸು, ಎಲ್ಲಿ ‘ರೇ’ ಸೇರಬೇಕು ಎಂಬುದನ್ನು ಯಾವ ಸಂಪುಟವೂ ಕಲಿಸಲಾರದು. ಅದಕ್ಕೆ ಜಗಲಿಯಲ್ಲಿ ಕೂತ ಹಿರಿಯರಿರಬೇಕು, ಅವರ ಮಾತಿಗೆ ಅದೇ ಮಾತಿನಲ್ಲಿ ಉತ್ತರ ಕೊಡುವ ಮಕ್ಕಳಿರಬೇಕು. ಪೇಟೆಯಲ್ಲಿ ಪೇಟೆಯ ಮಾತು ಆಗಲಿ. ಮನೆಯೊಳಗೆ ಮನೆಯ ಮಾತನ್ನಾಡಲು ಉದಾಸೀನ ಬೇಡ.