ಪದ್ಯದ ನೆತ್ತಿಯ ಮೇಲಿನ ಕಿರುಸಾಲು

ಯಕ್ಷಗಾನ ಪ್ರಸಂಗದ ಪುಸ್ತಕವನ್ನು ತೆರೆದರೆ ಪದಗಳ ನೆತ್ತಿಯ ಮೇಲೆ ರಾಗ ಮತ್ತು ತಾಳದ ಹೆಸರುಳ್ಳ ಕಿರುಸಾಲೊಂದು ಕಾಣುತ್ತದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅದನ್ನು ದಾಟಿ ಪದ್ಯಕ್ಕೆ ಹೋಗುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಾವು ಹಾಗೆ ದಾಟಬಾರದು. ಆ ಸಾಲು ಭಾಗವತನಿಗೆ ಕೊಟ್ಟ ಸೂಚನೆ.

ಭಾಗವತನೆಂದರೆ ಹಾಡುಗಾರ ಮಾತ್ರನಲ್ಲ, ಆಟದ ಸೂತ್ರಧಾರ. ತೆಂಕುತಿಟ್ಟಿನಲ್ಲಿ ಅವನ ಕೈಯಲ್ಲಿ ಜಾಗಟೆ ಇರುತ್ತದೆ. ಅವನೊಡನೆ ಮದ್ದಳೆ, ಚೆಂಡೆ, ಶ್ರುತಿ ಸೇರಿದರೆ ಹಿಮ್ಮೇಳ, ವೇಷಧಾರಿಗಳದು ಮುಮ್ಮೇಳ. ಯುದ್ಧ, ವೀರಾವೇಶಗಳಲ್ಲಿ ಚೆಂಡೆ ಮೊಳಗುತ್ತದೆ. ಕರುಣ, ಶೃಂಗಾರಗಳಲ್ಲಿ ಅದು ಹಿಂದೆ ಸರಿದು ಮದ್ದಳೆಯ ನುಡಿಗೆ ಎಡೆಗೊಡುತ್ತದೆ.

ತಾಳದ ಹೆಸರು ಛಂದಸ್ಸಿನ ಕೀಲಿಯೂ ಹೌದು. ಮೂರು-ನಾಲ್ಕು ಮಾತ್ರೆಗಳ ನಡೆ ಏಳರ ಲೆಕ್ಕದ ತ್ರಿವುಡೆಗೆ ಹೊಂದುತ್ತದೆ. ಐದರ ನಡೆ ಝಂಪೆಗೆ ಒಪ್ಪುತ್ತದೆ. ಪ್ರಸ್ತಾರ ಹಾಕುವ ಮುನ್ನ ಕೈಯಲ್ಲಿ ತಾಳ ತಟ್ಟಿ ನೋಡಿದರೆ ಗಣವಿಭಾಗ ತಾನಾಗಿ ತಿಳಿಯುತ್ತದೆ. ಭಾಮಿನಿ, ವಾರ್ಧಕ, ಕಂದಗಳ ರೀತಿ ಬೇರೆ. ತರಗತಿಯಲ್ಲಿ ನಾವು ಮಾತ್ರೆ ಎಣಿಸುವ ಈ ಪದ್ಯಗಳನ್ನು ರಂಗದಲ್ಲಿ ಸಾಮಾನ್ಯವಾಗಿ ತಾಳದ ಕಟ್ಟಿಲ್ಲದೆ, ರಾಗವನ್ನು ವಿಸ್ತರಿಸಿ ಹಾಡುತ್ತಾರೆ. ಕಥೆ ಮುಂದೆ ಸಾಗಲು, ಸನ್ನಿವೇಶ ಬದಲಾಗಲು ಅವು ಒದಗುತ್ತವೆ.

ಪುಸ್ತಕದಲ್ಲಿ ಇಲ್ಲದಿರುವುದು ಅರ್ಥ. ಪದ ಮುಗಿದೊಡನೆ ಪಾತ್ರಧಾರಿ ಅದನ್ನು ಆಧರಿಸಿ ಆಡುವ ಮಾತಿಗೆ ಈ ಹೆಸರು. ಇದು ಪದದ ಭಾವಾನುವಾದವಲ್ಲ, ಪಾತ್ರದ ಪರವಾಗಿ ಹೂಡುವ ವಾದ. ವೇಷ, ಕುಣಿತಗಳಿಲ್ಲದ ತಾಳಮದ್ದಳೆಯಲ್ಲಿ ಇದೇ ಜೀವಾಳ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಈ ಅರ್ಥಗಾರಿಕೆಯಿಂದ.

ಕಾಸರಗೋಡಿನ ಮನೆಗಳಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ ನುಡಿಗಳು ಕೇಳಿಬರುತ್ತವೆ. ಇವನ್ನಾಡುವವರೆಲ್ಲ ಒಂದೇ ಚಪ್ಪರದಡಿ ಕುಳಿತು, ಅನ್ಯಭಾಷೆಯ ಬೆರಕೆಯಿಲ್ಲದ ಗ್ರಾಂಥಿಕ ಕನ್ನಡವನ್ನು ಗಂಟೆಗಟ್ಟಲೆ ಕೇಳುವುದು ಈ ಅರ್ಥದಲ್ಲಿಯೇ. ಶಾಲೆಯ ಮೆಟ್ಟಿಲು ಹತ್ತದವರಿಗೂ ಕಾವ್ಯಭಾಷೆ ಕಿವಿಗೆ ಬಿದ್ದದ್ದು ಹೀಗೆ. ಕೇಳುವ ಕಿವಿಗಳು ಕಡಿಮೆಯಾದರೆ ಪ್ರಸಂಗ ಪುಸ್ತಕವಾಗಿ ಉಳಿದೀತು, ಅರ್ಥ ಉಳಿಯದು. ಆದ್ದರಿಂದ ಮುಂದಿನ ಬಾರಿ ಸಮೀಪದಲ್ಲಿ ತಾಳಮದ್ದಳೆ ನಡೆದಾಗ ಪುಸ್ತಕವನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳಿರಿ. ಆ ಕಿರುಸಾಲು ಹಾಡಾಗುವುದನ್ನೂ ಹಾಡು ಮಾತಾಗುವುದನ್ನೂ ಕೇಳಿದ ಮೇಲೆ ತರಗತಿಯಲ್ಲಿ ನೀವು ಓದುವ ಪ್ರಸಂಗ ಬೇರೆಯೇ ಆಗಿರುತ್ತದೆ.