ಪೊರಕೆ ಹಿಡಿದ ವೈದ್ಯ

ಕಪ್ಪು ಮೈಬಣ್ಣದ ಸನ್ಯಾಸಿ. ಬಿಳಿ ನಿಲುವಂಗಿಯ ಮೇಲೆ ಕರಿ ಹೊದಿಕೆ, ಕೈಯಲ್ಲಿ ಪೊರಕೆ. ಕಾಲ ಬುಡದಲ್ಲಿ ಒಂದೇ ತಟ್ಟೆಗೆ ಬಾಯಿ ಹಾಕಿದ ನಾಯಿ, ಬೆಕ್ಕು, ಇಲಿ. ಸಂತ ಮಾರ್ಟಿನ್ ದೆ ಪೋರೆಸ್ ಅವರ ಪ್ರತಿಮೆಯನ್ನು ಗುರುತಿಸಲು ಇಷ್ಟು ಸಾಕು. ಪೆರು ದೇಶದವರ ಬಾಯಲ್ಲಿ ಅವರು ‘ಫ್ರೈ ಎಸ್ಕೋಬಾ’, ಪೊರಕೆ ಸ್ವಾಮಿ. ಆದರೆ ಅವರು ಕಲಿತ ಕಸುಬು ಗುಡಿಸುವುದಲ್ಲ, ಗಾಯಕ್ಕೆ ಚಿಕಿತ್ಸೆ ಮಾಡುವುದು.

ಮಾರ್ಟಿನ್ ಹುಟ್ಟಿದ್ದು 1579ರಲ್ಲಿ, ಸ್ಪೇನ್‌ನ ಆಳ್ವಿಕೆಯಲ್ಲಿದ್ದ ಲಿಮಾ ನಗರದಲ್ಲಿ. ತಾಯಿ ಆನಾ ವೆಲಾಸ್ಕೆಸ್, ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಹೆಂಗಸು. ತಂದೆ ಸ್ಪೇನ್‌ನ ಕುಲೀನ. ಮಗುವಿಗೆ ತನ್ನ ಬಣ್ಣ ಬಂದಿಲ್ಲವೆಂದು ಆತ ಮೊದಲು ಮುಖ ತಿರುಗಿಸಿದ. ಚರ್ಚಿನ ಪುಸ್ತಕದಲ್ಲಿ ತಂದೆ ಯಾರೋ ಗೊತ್ತಿಲ್ಲ ಎಂದೇ ದಾಖಲಾಯಿತು. ಹುಡುಗನನ್ನು ಮುಂದೆ ಕ್ಷೌರಿಕನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಆ ಕಾಲದ ಕ್ಷೌರಿಕ ಬರೀ ಕೂದಲು ಕತ್ತರಿಸುವವನಲ್ಲ. ಹಲ್ಲು ಕೀಳುವವನು, ಕೆಟ್ಟ ರಕ್ತ ತೆಗೆಯುವವನು, ಮುರಿದ ಮೂಳೆ ಕೂಡಿಸುವವನು, ಕುರು ಕೊಯ್ಯುವವನು ಎಲ್ಲ ಅವನೇ. ವಿಶ್ವವಿದ್ಯಾಲಯದ ವೈದ್ಯರ ಕಡೆ ತಲೆ ಎತ್ತಿ ನೋಡಲೂ ಆಗದ ಬಡವರಿಗೆ ಇದ್ದ ಡಾಕ್ಟರು ಅವನೇ. ಇದರ ಜೊತೆಗೆ ಗಿಡಮೂಲಿಕೆಯ ಜ್ಞಾನವನ್ನೂ ಮಾರ್ಟಿನ್ ಸಂಪಾದಿಸಿಕೊಂಡರು.

ಹದಿನೈದರ ಪ್ರಾಯದಲ್ಲಿ ಲಿಮಾದ ಡೊಮಿನಿಕನ್ ಮಠದ ಬಾಗಿಲು ತಟ್ಟಿದರು. ಕಪ್ಪು ಜನ, ಮೂಲನಿವಾಸಿಗಳು, ಅವರ ಬೆರಕೆಯ ಮಕ್ಕಳು ಪೂರ್ಣ ಸನ್ಯಾಸಿಗಳಾಗುವಂತಿಲ್ಲ ಎಂಬ ನಿಯಮ ಅಲ್ಲಿತ್ತು. ಹಾಗಾಗಿ ಮಠಕ್ಕೆ ತನ್ನನ್ನು ಕೊಟ್ಟುಕೊಂಡ ಆಳಾಗಿ ಸೇರಿದರು. ಪೊರಕೆ ಕೈಗೆ ಬಂದದ್ದು ಹೀಗೆ. ಅದನ್ನು ವಿನಯದ ಗುರುತೆಂದು ಹೊಗಳುವಾಗ ಈ ನಿಯಮದ ಮಾತನ್ನು ಯಾರೂ ಎತ್ತುವುದಿಲ್ಲ. 1603ರಲ್ಲಿ ಅವರಿಗೆ ವ್ರತ ಕೊಟ್ಟರು ನಿಜ. ಪಾದ್ರಿಯಾಗಲಿಲ್ಲ, ಕೊನೆವರೆಗೂ ಸಹೋದರರಾಗಿಯೇ ಉಳಿದರು.

ಮಠ ಸಾಲದಲ್ಲಿ ಸಿಕ್ಕಿಕೊಂಡಾಗ ‘ನನ್ನನ್ನೇ ಮಾರಿ’ ಎಂದರು ಎಂಬ ಕಥೆಯಿದೆ. ಭಕ್ತರು ಇದನ್ನು ತ್ಯಾಗದ ಉದಾಹರಣೆಯಾಗಿ ಹೇಳುತ್ತಾರೆ. ಓದುವಾಗ ನನಗೆ ಮೈ ಜುಮ್ಮೆನ್ನುವುದು ಬೇರೆ ಕಾರಣಕ್ಕೆ. ಮನುಷ್ಯರನ್ನು ಹರಾಜು ಹಾಕುತ್ತಿದ್ದ ಊರದು. ಗುಲಾಮಳಾಗಿದ್ದವಳ ಮಗ ಆ ಮಾತು ಆಡಿದರೆ ಅದು ಅಲಂಕಾರವಾಗುವುದಿಲ್ಲ.

ಮಠದ ಆಸ್ಪತ್ರೆಯ ಹೊಣೆ ಅವರದೇ ಆಯಿತು. ಪಿಡುಗು ಬಂದಾಗ ಬೀದಿಯಲ್ಲಿ ಬಿದ್ದವರನ್ನೂ ಒಳಗೆ ಕರೆತಂದರು. ರೋಗ ಹರಡುತ್ತದೆಂದು ಮಠದ ಹಿರಿಯರು ತಡೆದರು. ಆಗ ಮಾರ್ಟಿನ್ ಕೆಲವರನ್ನು ತಂಗಿ ಹುವಾನಾಳ ಮನೆಗೆ ಸಾಗಿಸಿದರು. ಅಷ್ಟರಲ್ಲಿ ಇರಿತದ ಗಾಯದಿಂದ ರಕ್ತ ಸುರಿಯುತ್ತಿದ್ದವನೊಬ್ಬ ಕಣ್ಣಿಗೆ ಬಿದ್ದ. ಅವನನ್ನು ತಮ್ಮ ಕೋಣೆಗೇ ಹೊತ್ತು ತಂದರು. ಬೈದ ಹಿರಿಯರಿಗೆ, ಕರುಣೆಗಿಂತ ವಿಧೇಯತೆ ದೊಡ್ಡದೆಂದು ನನಗೆ ತಿಳಿದಿರಲಿಲ್ಲ, ಕ್ಷಮಿಸಿ ಎಂಬರ್ಥದ ಉತ್ತರ ಕೊಟ್ಟರಂತೆ. ಎಷ್ಟು ತಗ್ಗಿದ ದನಿಯೋ ಅಷ್ಟೇ ಚುರುಕು.

ಇನ್ನು ಇಲಿಯ ಕಥೆ. ಚರ್ಚಿನ ಬಟ್ಟೆ ಕಡಿಯುತ್ತಿದ್ದ ಇಲಿಗಳಿಗೆ ಪಾಷಾಣ ಇಡಲು ಒಪ್ಪದೆ, ಒಂದು ಇಲಿಯನ್ನು ಹಿಡಿದು ಒಪ್ಪಂದ ಮಾಡಿಕೊಂಡರು: ಬಟ್ಟೆ ಬಿಟ್ಟು ತೋಟಕ್ಕೆ ಹೋಗಿ, ಊಟ ನಾನು ತರುತ್ತೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಪೆರುವಿನ ಲೇಖಕ ರಿಕಾರ್ದೊ ಪಾಲ್ಮಾ ಇದನ್ನು ನಗುನಗುತ್ತಾ ಮತ್ತೆ ಹೇಳಿದರು. ಶೃಂಗೇರಿಯಲ್ಲಿ ಕಪ್ಪೆಗೆ ಹೆಡೆ ಹಿಡಿದ ಸರ್ಪವನ್ನು ಬಲ್ಲ ನಮಗೆ ನಾಯಿ, ಬೆಕ್ಕು, ಇಲಿ ಒಂದೇ ತಟ್ಟೆಯಲ್ಲಿ ಉಣ್ಣುವುದು ಹೊಸ ಬಗೆಯ ಚಿತ್ರವೇನಲ್ಲ. ಆದರೆ ಲಿಮಾದ ಭಕ್ತರು ಆ ಮೂರು ಪ್ರಾಣಿಗಳಲ್ಲಿ ಸ್ಪೇನ್‌ನವರು, ಮೂಲನಿವಾಸಿಗಳು, ಆಫ್ರಿಕಾ ಮೂಲದವರು ಒಟ್ಟಿಗೆ ಉಣ್ಣುವುದನ್ನೂ ಕಂಡಿದ್ದಾರೆ.

ಮಾರ್ಟಿನ್ ತೀರಿಕೊಂಡದ್ದು 1639ರ ನವೆಂಬರ್ 3ರಂದು. ಮರಣಶಯ್ಯೆಯ ಬಳಿ ವೈಸ್‌ರಾಯ್ ಆಗಿದ್ದ ಚಿಂಚೋನ್‌ನ ಕೌಂಟ್ ಬಂದಿದ್ದರು ಎನ್ನುತ್ತಾರೆ. 1660ರಿಂದ ಚರ್ಚು ಸಂತ ಪದವಿಯ ವಿಚಾರಣೆಗಾಗಿ ಸಾಕ್ಷಿಗಳ ಹೇಳಿಕೆ ಬರೆಸಿಕೊಂಡಿತು. ನಮಗೆ ಗೊತ್ತಿರುವುದರ ಬಹುಪಾಲು ಅಲ್ಲಿಂದಲೇ ಬಂದದ್ದು. ಆದರೂ ಸಂತ ಪದವಿಗೆ ಮುಂಚಿನ ‘ಧನ್ಯ’ ಪದವಿ ಸಿಕ್ಕಿದ್ದು 1837ರಲ್ಲಿ, ಪೋಪ್ 23ನೇ ಜಾನ್ ಸಂತರೆಂದು ಸಾರಿದ್ದು 1962ರ ಮೇ 6ರಂದು. ಮಾರ್ಟಿನ್ ಅವರಿಗೆ ದೀಕ್ಷಾಸ್ನಾನ ಮಾಡಿಸಿದ ಸಾನ್ ಸೆಬಾಸ್ಟಿಯನ್ ಚರ್ಚಿನಲ್ಲೇ ದೀಕ್ಷೆ ಪಡೆದ, ಸ್ಪೇನ್ ಮೂಲದ ಮನೆತನದ ಲಿಮಾದ ರೋಸಾ 1617ರಲ್ಲಿ ತೀರಿಕೊಂಡು 1671ರಲ್ಲೇ ಸಂತರಾದರು. ಒಬ್ಬರಿಗೆ 54 ವರ್ಷ, ಇನ್ನೊಬ್ಬರಿಗೆ 323. ಬಣ್ಣವೊಂದೇ ಕಾರಣ ಎಂದರೆ ಅವಸರದ ತೀರ್ಪಾದೀತು. ಬಣ್ಣಕ್ಕೆ ಸಂಬಂಧವೇ ಇಲ್ಲ ಎಂದರೆ ನಂಬುವುದು ಕಷ್ಟ.

ಸಂತ ಪದವಿ ಬಂದ ಹೊತ್ತಿಗೆ ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿನ ಹೋರಾಟ ಕಾವೇರಿತ್ತು. ಕಥೋಲಿಕ ಧರ್ಮಕ್ಕೆ ಬಂದಿದ್ದ ಜಾಝ್ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಮಾರ್ಟಿನ್ ಅವರ ಮೇಲೆ ಸ್ತೋತ್ರವೊಂದನ್ನು ರಚಿಸಿದರು. ಅದರ ಆಲ್ಬಮ್‌ಗೆ ಕೊಟ್ಟ ಹೆಸರಿನಲ್ಲಿ ಪೊರಕೆ, ಇಲಿ ಯಾವುದೂ ಇಲ್ಲ: ‘ಬ್ಲ್ಯಾಕ್ ಕ್ರೈಸ್ಟ್ ಆಫ್ ದಿ ಆಂಡೀಸ್’. ಲಿಮಾ ಇರುವುದು ಆಂಡೀಸ್ ಬೆಟ್ಟದ ಮೇಲಲ್ಲ, ಕಡಲ ಕರೆಯಲ್ಲಿ. ಅಷ್ಟು ಭೂಗೋಳ ತಪ್ಪಿದರೂ ಆ ಹೆಸರು ನನಗೆ ಹಿಡಿಸುತ್ತದೆ.